ನಿದ್ರೆ ಮಾತ್ರೆ ಯಾರ ನಿದ್ರೆಗೆ?

ಕೋಲಾರ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಆದರೆ ನಮ್ಮ ಚಾಚಾ ಈಗಲೂ ನಡುರಾತ್ರಿ ಎದ್ದು 'ಶಿಫ್ಟಿಗೆ ಹೊತ್ತಾಯಿತು' ಎಂದು ಬಾಗಿಲು ತಡಕುತ್ತಾರೆ. ಮಗನ ಹೆಸರು ಮರೆತಿದೆ, ಶಿಫ್ಟು ಮರೆತಿಲ್ಲ.

ಕಳೆದ ವರ್ಷ ಮನೆಯವರು ಬಂಗಾರಪೇಟೆಯ ಔಷಧದ ಅಂಗಡಿಯೊಂದರಿಂದ ಡಾಕ್ಟರ ಚೀಟಿಯಿಲ್ಲದೆ ನಿದ್ರೆ ಮಾತ್ರೆ ತಂದರು. ಮನೆಯವರು ಎಂದೆವಲ್ಲ, ಅಂಗಡಿಗೆ ಹೋದವರು ನಾವೇ. ಎರಡು ರಾತ್ರಿ ಎಲ್ಲರಿಗೂ ನಿದ್ದೆ ಬಂತು. ಮೂರನೆಯ ದಿನ ಚಾಚಾ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಬೆಂಗಳೂರಿನ ವೈದ್ಯರು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಸುರಿದರು. ನೆನಪಿಗೆಂದು ಡೊನೆಪೆಜಿಲ್, ಪದೇಪದೇ ಬರುವ ಮೂತ್ರಕ್ಕೆ ಆಕ್ಸಿಬ್ಯುಟಿನಿನ್, ರಕ್ತದೊತ್ತಡಕ್ಕೆ ಅಟೆನೊಲಾಲ್, ನೆಗಡಿಗೆ ಕ್ಲೋರ್‌ಫೆನಿರಮಿನ್. ಒಂದೊಂದೂ ಒಬ್ಬೊಬ್ಬರು ಕೊಟ್ಟದ್ದು. ಮರೆವಿನ ಕಾಯಿಲೆಯಲ್ಲಿ ಮಿದುಳಿನ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕುಗ್ಗುತ್ತದೆ. ಡೊನೆಪೆಜಿಲ್ ಅದನ್ನು ಉಳಿಸಲು ನೋಡಿದರೆ, ಮೂತ್ರದ ಮಾತ್ರೆ, ನೆಗಡಿ ಮಾತ್ರೆಗಳು ಅದರ ಕೆಲಸಕ್ಕೇ ಅಡ್ಡ ನಿಲ್ಲುತ್ತವೆ. ಒಂದು ಕೈ ದೀಪ ಹಚ್ಚುತ್ತದೆ, ಇನ್ನೊಂದು ಆರಿಸುತ್ತದೆ. ಡೊನೆಪೆಜಿಲ್, ಅಟೆನೊಲಾಲ್ ಎರಡೂ ಎದೆಬಡಿತವನ್ನು ನಿಧಾನಗೊಳಿಸುವುದರಿಂದ ತಲೆಸುತ್ತು ಬರಬಹುದು. ಇವೆಲ್ಲದರ ಮೇಲೆ ನಮ್ಮ ನಿದ್ರೆ ಮಾತ್ರೆ. ಹಟ ಮಾಡುವ ವೃದ್ಧರನ್ನು ಸುಮ್ಮನಾಗಿಸಲು ಬಳಸುವ ಮನೋರೋಗದ ಔಷಧಗಳಿಂದ ಇಂಥ ರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿಯೂ 2008ರಲ್ಲಿಯೂ ಎಚ್ಚರಿಸಿದೆ.

ನೆನಪಿರುವ ರೋಗಿ 'ಇದೇನು ಮಾತ್ರೆ?' ಎಂದು ಕೇಳುತ್ತಾನೆ, 'ತಲೆ ಸುತ್ತುತ್ತಿದೆ' ಎಂದು ಹೇಳುತ್ತಾನೆ. ಚಾಚಾ ಬಾಯಿ ತೆರೆಯುತ್ತಾರೆ, ಅಷ್ಟೇ. ಆ ತೆರೆದ ಬಾಯಿ ನಮ್ಮ ಕೈಗೆ ಬಂದ ಅಮಾನತು. ಹೆತ್ತವರಿಗೆ 'ಉಫ್' ಎಂದೂ ಅನ್ನಬೇಡಿ ಎಂಬುದು ಕುರ್‌ಆನಿನ ಆದೇಶ. ಚಾಚಾ ನಮಗೆ ತಂದೆಯ ಸಮಾನ. ನಾವು 'ಉಫ್' ಅನ್ನಲಿಲ್ಲ, ಮಾತ್ರೆ ಕೊಟ್ಟೆವು. ಎರಡರ ನಡುವೆ ಎಷ್ಟು ಅಂತರವಿದೆ?

ಹಾಗೆಂದು ತಿಂಗಳುಗಟ್ಟಲೆ ನಿದ್ದೆಗೆಟ್ಟ ಸೊಸೆಯನ್ನು ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನರಂತೆ ಆಕೆಯೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವಳು. ನಮ್ಮ ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿಯವರೇ ತಿಳಿಸಿದ್ದಾರಲ್ಲವೇ? ಇಡೀ ಕುಟುಂಬದ ಖಿದ್ಮತ್ತನ್ನು ಒಬ್ಬಳ ಹೆಗಲಿಗೆ ಹೊರಿಸಿದಾಗ, ಆ ಭಾರವನ್ನು ಇಳಿಸಲು ಸಿಗುವುದು ಮಾತ್ರೆಯೊಂದೇ. ತಪ್ಪು ಅಂಗಡಿಗೆ ಹೋಗುವ ಮೊದಲೇ ಆಗಿತ್ತು.

ಈಗ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಹಕೀಮರ ಚೂರ್ಣವೂ ಸೇರಿ ಎಲ್ಲ ಔಷಧಗಳೂ ಅದರಲ್ಲಿವೆ. ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸುತ್ತೇವೆ. ನಾವಾಗಿಯೇ ಏನನ್ನೂ ಸೇರಿಸುವುದಿಲ್ಲ, ಏನನ್ನೂ ನಿಲ್ಲಿಸುವುದಿಲ್ಲ. ರಾತ್ರಿಯನ್ನು ಮೂವರು ಹಂಚಿಕೊಂಡಿದ್ದೇವೆ. ಚಾಚಾ ಗೋಡೆ ಹಿಡಿದು ಎದ್ದು 'ಶಿಫ್ಟು' ಎಂದಾಗ, 'ಇವತ್ತಿನ ಶಿಫ್ಟು ನಮ್ಮದು ಚಾಚಾ, ನೀವು ಮಲಗಿ' ಎನ್ನುತ್ತೇವೆ. ಕೆಲವು ರಾತ್ರಿ ಮಲಗುತ್ತಾರೆ. ಮಲಗದ ರಾತ್ರಿ ನಾವೂ ಎಚ್ಚರವಿರುತ್ತೇವೆ.