ಮಗುವಿನ ಜೊತೆ ಆಡುವುದು ಯಾತಕ್ಕೆ?

‘ಸ್ವಲ್ಪ ಹೊತ್ತು ಮಗೂನ ಆಡಿಸ್ತಾ ಇರು, ಕೆಲಸ ಮುಗಿಸಿ ಬರ್ತೀನಿ.’ ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವ ಮಾತಿದು. ಇದರೊಳಗೆ ಒಂದು ತೀರ್ಮಾನ ಅಡಗಿದೆ. ಅಡುಗೆ ಕೆಲಸ, ಬಟ್ಟೆ ಒಗೆಯುವುದು ಕೆಲಸ, ಸಂಬಳಕ್ಕೆ ದುಡಿಯುವುದು ಕೆಲಸ. ಮಗುವನ್ನು ಆಡಿಸುವುದು ಮಾತ್ರ ಕೆಲಸವಲ್ಲ. ಅದನ್ನು ಬಿಡುವಾಗಿರುವ ಅಜ್ಜಿಗೋ, ಶಾಲೆಯಿಂದ ಬಂದ ಅಕ್ಕನಿಗೋ ಒಪ್ಪಿಸಿಬಿಡಬಹುದು. ಇನ್ನೂ ಮಾತು ಬಾರದ, ಇಂದಿನ ದಿನವನ್ನು ನಾಳೆ ನೆನಪಿಟ್ಟುಕೊಳ್ಳದ ಹಸುಗೂಸಿನ ಜೊತೆ ದೊಡ್ಡವರು ನಿಜಕ್ಕೂ ಆಡಬೇಕೇ? ಆಡಬೇಕಾದರೆ ಯಾತಕ್ಕೆ?

ಈ ಪ್ರಶ್ನೆಗೆ ಮಾರುಕಟ್ಟೆಯ ಬಳಿ ಸಿದ್ಧ ಉತ್ತರವಿದೆ: ಮಗು ಜಾಣನಾಗಲು. ಆಟಿಕೆಯ ಪೆಟ್ಟಿಗೆಗಳ ಮೇಲೆಲ್ಲ ಮೆದುಳಿನ ಬೆಳವಣಿಗೆಯ ಮಾತೇ. ಅಮೆರಿಕದಲ್ಲಿ 1997ರಲ್ಲಿ ‘ಬೇಬಿ ಐನ್‌ಸ್ಟೀನ್’ ಎಂಬ ಹೆಸರಿನ ವೀಡಿಯೋಗಳು ಶುರುವಾದವು. ಹೆಸರೇ ತಂದೆತಾಯಿಯರ ಆಸೆಗೆ ಬೀಸಿದ ಗಾಳ. 2001ರಲ್ಲಿ ಡಿಸ್ನಿ ಕಂಪೆನಿ ಅದನ್ನು ಕೊಂಡಿತು. ಇವು ಮಕ್ಕಳಿಗೆ ಏನು ಕಲಿಸುತ್ತವೆ ಎಂಬ ತಕರಾರು ಎದ್ದು, ಕೊನೆಗೆ 2009ರಲ್ಲಿ ಡಿವಿಡಿ ಹಿಂದಿರುಗಿಸಿದವರಿಗೆ ಹಣ ವಾಪಸು ಕೊಡಲು ಕಂಪೆನಿ ಮುಂದಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಮಾರ್ಗಸೂಚಿಯಂತೂ ಒಂದು ವರ್ಷದೊಳಗಿನ ಮಗುವಿಗೆ ಪರದೆಯ ಸಹವಾಸವೇ ಬೇಡ ಎನ್ನುತ್ತದೆ.

ಹಾಗಾದರೆ ಬೇಕಾದುದೇನು? ಬಹುಪಾಲು ಮನೆಯಲ್ಲೇ ಇದೆ. ಸೆರಗಿನಿಂದಲೋ ದುಪಟ್ಟಾದಿಂದಲೋ ಮುಖ ಮುಚ್ಚಿ, ಥಟ್ಟನೆ ತೆರೆದು ನೋಡಿ. ಐದಾರು ತಿಂಗಳ ಮಗು ಕೇಕೆ ಹಾಕಿ ನಗುತ್ತದೆ, ಮತ್ತೆ ಮತ್ತೆ ಬೇಕೆನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತನ್ನ ಮೂವರು ಮಕ್ಕಳನ್ನೇ ಗಮನಿಸಿ, ಕಣ್ಣಿಗೆ ಮರೆಯಾದದ್ದು ಇಲ್ಲವಾಗಿಲ್ಲ ಎಂಬ ಅರಿವು ಮೊದಲ ವರ್ಷದಲ್ಲಿ ಮೆಲ್ಲಮೆಲ್ಲನೆ ಮೂಡುತ್ತದೆ ಎಂದ. ಅದು ಆತ ಎಣಿಸಿದ್ದಕ್ಕಿಂತ ಬೇಗನೆ ಮೂಡುತ್ತದೆ ಎಂದು ನಂತರದವರು ತಿದ್ದಿದರು. ಏನೇ ಇರಲಿ, ಅಮ್ಮ ಮರೆಯಾದರೂ ಮರಳಿ ಬರುತ್ತಾಳೆ ಎಂಬುದನ್ನು ಮಗು ಈ ಸೆರಗಿನಾಟದಲ್ಲಿ ಸವಿಯುತ್ತದೆ.

ಸ್ಟೀಲಿನ ಲೋಟ, ಚಮಚ ಕೊಟ್ಟರೆ ‘ನಾನು ಬಡಿದರೆ ಸದ್ದಾಗುತ್ತದೆ’ ಎಂಬುದು ತಿಳಿಯುತ್ತದೆ. ಒಂದರೊಳಗೊಂದು ಕೂರುವ ಡಬ್ಬಿಗಳು ಒಂದು ಗಂಟೆಯ ಆಟ. ಖಾಲಿ ಬಾಟಲಿಯಲ್ಲಿ ಹಿಡಿ ಕಾಳು ಹಾಕಿ, ಮುಚ್ಚಳ ಬಿಗಿದು ಗಟ್ಟಿಯಾಗಿ ಟೇಪು ಸುತ್ತಿದರೆ ಗಿಲಕಿ ಸಿದ್ಧ. ಎಚ್ಚರವಾಗಿರುವಾಗ ಮಗುವನ್ನು ಬೋರಲು ಮಲಗಿಸಿ, ನೀವೂ ಎದುರಿಗೆ ಬೋರಲು ಮಲಗಿ ಮಾತಾಡಿ; ಅದು ಕತ್ತೆತ್ತಿ ನಿಮ್ಮನ್ನು ನೋಡಲು ಹೆಣಗುತ್ತದೆ. ಇನ್ನೂ ತೆವಳಲು ಬಾರದ ಕೂಸಿಗೆ ದಿನದಲ್ಲಿ ಬಿಟ್ಟು ಬಿಟ್ಟು ಒಟ್ಟು 30 ನಿಮಿಷವಾದರೂ ಇದು ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಎಣ್ಣೆ ಹಚ್ಚುವಾಗ ‘ಇದು ಕೈ, ಇದು ಕಾಲು, ಇದು ಹೊಟ್ಟೆ’ ಎಂದು ಹೇಳುತ್ತ ಹೋಗುವುದೂ ಆಟವೇ. ಒಂದೇ ಎಚ್ಚರಿಕೆ: ನಾಣ್ಯ, ಗುಂಡಿ, ಹುಣಸೆಬೀಜದಂಥ, ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲ ವಸ್ತುವೂ ಪ್ಲಾಸ್ಟಿಕ್ ಚೀಲವೂ ಹತ್ತಿರ ಇರಬಾರದು, ಆಡುವಾಗ ದೊಡ್ಡವರ ಕಣ್ಣು ಮಗುವಿನ ಮೇಲಿರಬೇಕು.

ಇಂಥ ಕಾಸಿಲ್ಲದ ಆಟಗಳ ಬೆಲೆ ಏನೆಂದು ಅಳೆದು ನೋಡಿದವರೂ ಇದ್ದಾರೆ. 1986-87ರಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು, ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದ 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಒಂದು ಪಾಲು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ಎರಡು ವರ್ಷ ಕಾಲ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ತಯಾರಿಸಿದ ಆಟಿಕೆಗಳಿಂದ ಮಗುವಿನ ಜೊತೆ ಹೇಗೆ ಆಡಬಹುದೆಂದು ತಾಯಿಗೆ ತೋರಿಸುತ್ತಿದ್ದಳು. ಇಪ್ಪತ್ತು ವರ್ಷಗಳ ನಂತರ ಹುಡುಕಿ ನೋಡಿದಾಗ, ಆ ಭೇಟಿ ಸಿಕ್ಕ ಮಕ್ಕಳ ಸಂಪಾದನೆ ಸಿಗದ ಮಕ್ಕಳದಕ್ಕಿಂತ ಶೇ. 25ರಷ್ಟು ಹೆಚ್ಚಿತ್ತು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಸಂತೋಷದ ಸುದ್ದಿಯೇ. ಬಡವರ ಮಕ್ಕಳಿಗಾಗಿ ಸರಕಾರದಿಂದ ಹಣ ಬಿಡಿಸಬೇಕಾದವರಿಗೆ ಇಂಥ ಅಂಕಿ ಬೇಕೇ ಬೇಕು. ಆದರೆ ಆಟಕ್ಕೆ ಇದೊಂದೇ ಕಾರಣವೆಂದು ಒಪ್ಪಿಕೊಂಡರೆ ಕಷ್ಟವಿದೆ. ಮುಂದೆ ಎಂದೂ ಸಂಪಾದಿಸಲಾರದ ಮಗುವಿನ ಮಾತೇನು? ತೀವ್ರ ಬುದ್ಧಿಮಾಂದ್ಯದ ಕೂಸು, ಹೆಚ್ಚು ದಿನ ಬದುಕುವುದಿಲ್ಲವೆಂದು ವೈದ್ಯರು ಹೇಳಿರುವ ಕೂಸು – ಇವುಗಳ ಮುಂದೆ ಗಿಲಕಿ ಆಡಿಸುವ ತಾಯಿ ವ್ಯರ್ಥ ಕೆಲಸ ಮಾಡುತ್ತಿದ್ದಾಳೆಯೇ? ಹೌದೆನ್ನಲು ಯಾರಿಗೂ ಬಾಯಿ ಬಾರದು. ಹಾಗೆ ಬಾಯಿ ಬಾರದಿರುವುದಕ್ಕೆ ಅರ್ಥವಿದೆ. ನಾಳೆ ಏನಾಗುತ್ತದೆ ಎಂಬುದಕ್ಕಾಗಿ ಮಾತ್ರ ನಾವು ಮಗುವನ್ನು ಆಡಿಸುವುದಿಲ್ಲ. ಅದು ಇಂದೇ ನಮ್ಮೊಳಗಿನ ಒಂದು ಜೀವ, ಇಂದಿನ ಅದರ ನಗುವಿಗೆ ಇಂದೇ ಬೆಲೆಯಿದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 31ನೇ ವಿಧಿಯಲ್ಲಿ ಆಟವನ್ನು ಹಕ್ಕೆಂದು ಕರೆದಿದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿತು. ಜಾಣ ಮಕ್ಕಳಿಗೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ.

ಕೂಸು ನಮ್ಮಿಂದ ಬಯಸುವುದೇನೆಂಬುದನ್ನು 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಒಂದು ಸರಳ ಪ್ರಯೋಗದಿಂದ ತೋರಿಸಿದರು. ತಾಯಿ ಮೊದಲು ಮಗುವಿನ ಜೊತೆ ನಗುತ್ತ ಆಡುತ್ತಾಳೆ. ಆಮೇಲೆ ಎರಡು ಮೂರು ನಿಮಿಷ, ಎದುರಿಗೇ ಕೂತು, ಯಾವ ಭಾವವೂ ಇಲ್ಲದ ಮುಖ ಮಾಡಿಕೊಳ್ಳುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ದನಿ ಮಾಡಿ ಕರೆಯುತ್ತದೆ. ಉತ್ತರ ಬಾರದಾಗ ಮುಖ ತಿರುಗಿಸುತ್ತದೆ, ಕಂಗಾಲಾಗುತ್ತದೆ. ತಾಯಿ ಅಲ್ಲೇ ಇದ್ದಾಳೆ, ಆದರೆ ಇಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮೊಬೈಲು ಹಿಡಿದು ಕೂತಿರುವಾಗ ನಮ್ಮ ಮುಖ ಮಗುವಿಗೆ ಹೇಗೆ ಕಾಣುತ್ತಿರಬಹುದು ಎಂದು ಯೋಚಿಸಲು ಇಷ್ಟು ಸಾಕು. ‘ನಾನು ಕರೆದರೆ ಓಗೊಡುವವರಿದ್ದಾರೆ’ ಎಂಬ ನಂಬಿಕೆ ಮನುಷ್ಯನಲ್ಲಿ ಮೊಳೆಯುವುದು ಇಂಥ ಆಟಗಳಲ್ಲಿ. ಮುಂದೆ ಇನ್ನೊಬ್ಬರ ಕರೆಗೆ ತಾನು ಓಗೊಡುವುದನ್ನೂ ಅವನು ಅಲ್ಲಿಂದಲೇ ಕಲಿಯಬೇಕು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಕಾಸು ಬೇಡ, ಸಮಯ ಕೊಡಿ ಎನ್ನುವುದು ಸಮಯ ಇರುವವರ ಮಾತು. ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬೀಡಿ ಕಟ್ಟುವವಳಿಗೆ, ಕೂಸನ್ನು ಬಿಟ್ಟು ಗಾರ್ಮೆಂಟ್ಸಿಗೆ ಓಡುವವಳಿಗೆ ಆ ಅರ್ಧ ಗಂಟೆ ಅಂದರೆ ಅರ್ಧ ಗಂಟೆಯ ಕೂಲಿ. ಅವಳಿಗೆ ಉಪದೇಶ ಮಾಡುವುದು ಅನ್ಯಾಯ. ಅವಳ ಅರ್ಧ ಗಂಟೆಯನ್ನು ಬಿಡಿಸಿಕೊಡುವುದು ಗಂಡನ, ಮನೆಯವರ, ದುಡಿಸಿಕೊಳ್ಳುವವರ, ಸರಕಾರದ ಹೊಣೆ. ಆ ಹೊಣೆಯನ್ನು ಮರೆತು ‘ಒಳ್ಳೆಯ ತಾಯಿ’ಯ ಬಗ್ಗೆ ಮಾತಾಡುವುದು ಸುಲಭ.

ಮೊದಲ ಪಾಲು ಗಂಡಸರದ್ದು. ಕೂಸಿನ ಮಟ್ಟಕ್ಕೆ ಇಳಿದು ಆಡಿದರೆ ಘನತೆ ಕಡಿಮೆಯಾಗುತ್ತದೆ ಎಂದುಕೊಳ್ಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಪ್ರವಾದಿ ಮುಹಮ್ಮದ್(ಸ) ಸುಜೂದಿನಲ್ಲಿದ್ದಾಗ ಮೊಮ್ಮಗ ಬೆನ್ನೇರಿದನಂತೆ. ಮಗುವನ್ನು ಅವಸರಪಡಿಸಲು ಮನಸ್ಸಾಗದೆ ಅವರು ಸುಜೂದನ್ನೇ ದೀರ್ಘಗೊಳಿಸಿದರೆಂದು ಹದೀಸ್ ಹೇಳುತ್ತದೆ. ಯಶೋದೆ ಮಗುವನ್ನು ಆಡಿಸುವುದನ್ನು ಪುರಂದರದಾಸರು ಕೀರ್ತನೆಯ ವಸ್ತುವಾಗಿಸಿದರು. ನಾವು ಬಹಳ ದೊಡ್ಡವರೆಂದು ನಂಬಿದವರಿಗೆ ಅಡ್ಡಿಯಾಗದ ಘನತೆ ನಮಗೇಕೆ ಅಡ್ಡಿಯಾಗಬೇಕು?

ಆದ್ದರಿಂದ, ಕೆಲಸದಿಂದ ಮನೆಗೆ ಬಂದ ಅಪ್ಪ ಕೈಕಾಲು ತೊಳೆದು, ಮೊಬೈಲನ್ನು ಕಪಾಟಿನಲ್ಲಿಟ್ಟು, ಹದಿನೈದು ನಿಮಿಷ ನೆಲದ ಮೇಲೆ ಕೂರಲಿ. ಒಂದು ಲೋಟ, ಒಂದು ಚಮಚ ಸಾಕು. ಮಗು ಬಡಿದಾಗ ಅವನೂ ಬಡಿಯಲಿ. ಅದು ಸುಮ್ಮನಾದಾಗ ಕಾಯಲಿ. ಒಳಗೆ ಅಷ್ಟು ಹೊತ್ತು ಅಮ್ಮನಿಗೂ ಒಂದು ಲೋಟ ಚಹಾ ಬಿಸಿಯಾಗಿರುವಾಗಲೇ ಕುಡಿಯಲು ಸಿಗುತ್ತದೆ.