ದಿನಕ್ಕೊಂದು ಹೆಮಿನಾ

ಕ್ರಿ.ಶ. ಆರನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದು ರಾತ್ರಿ, ರೋಮ್ ಮತ್ತು ನೇಪಲ್ಸ್ ನಡುವಿನ ಮಾಂಟೆ ಕಸಿನೊ ಮಠದ ಮೇಲೆ ಲೊಂಬಾರ್ಡರು ನುಗ್ಗಿದರು. ಸನ್ಯಾಸಿಗಳು ಜೀವ ಉಳಿಸಿಕೊಂಡು ರೋಮಿಗೆ ಓಡಿದರು. ಓಡುವಾಗ ಅವರು ಏನೇನು ಹೊತ್ತೊಯ್ದರು ಎಂಬುದನ್ನು ಮುಂದೆ ಅದೇ ಮಠದಲ್ಲಿ ಸನ್ಯಾಸಿಯಾಗಿದ್ದ ಇತಿಹಾಸಕಾರ ಪೌಲ್ ದಿ ಡೀಕನ್ ಬರೆದಿಟ್ಟಿದ್ದಾನೆ. ಮಠದ ನಿಯಮಗಳ ಹಸ್ತಪ್ರತಿ, ಇನ್ನಷ್ಟು ಬರಹಗಳು, ಕೈಗೆ ಸಿಕ್ಕಿದ ಸಾಮಾನು. ಅವುಗಳ ಜೊತೆಗೆ ರೊಟ್ಟಿ ತೂಗುವ ಬಟ್ಟು ಮತ್ತು ವೈನ್ ಅಳೆಯುವ ಪಾತ್ರೆ.

ಊರು ಹೊತ್ತಿ ಉರಿಯುವಾಗ ಅಳತೆಪಾತ್ರೆಯನ್ನು ಯಾರಾದರೂ ಕಾಪಾಡುತ್ತಾರೆಯೇ? ಆ ಮಠ ಕಟ್ಟಿದ ಸಂತ ಬೆನೆಡಿಕ್ಟನ ನಿಯಮಗ್ರಂಥದ ನಲವತ್ತನೆಯ ಅಧ್ಯಾಯ ಓದಿದವರಿಗೆ ಇದು ಅಷ್ಟು ವಿಚಿತ್ರ ಎನಿಸುವುದಿಲ್ಲ. ಇನ್ನೊಬ್ಬರು ಎಷ್ಟು ಉಣ್ಣಬೇಕು, ಎಷ್ಟು ಕುಡಿಯಬೇಕು ಎಂದು ಗೊತ್ತುಮಾಡಲು ತನಗೆ ಅಳುಕು ಎಂದು ಆತ ಮೊದಲೇ ಹೇಳಿಕೊಳ್ಳುತ್ತಾನೆ. ಆದರೂ ದುರ್ಬಲರನ್ನು ನೆನೆದು, ತಲೆಗೊಂದು ಹೆಮಿನಾ ವೈನ್ ದಿನಕ್ಕೆ ಸಾಕು ಎನ್ನುತ್ತಾನೆ. ಕೆಲಸ ಹೆಚ್ಚಿದ್ದರೆ, ಬೇಸಿಗೆಯ ಬಿಸಿಲು ಜೋರಾಗಿದ್ದರೆ, ಮಠದ ಹಿರಿಯ ಇನ್ನಷ್ಟು ಕೊಡಿಸಬಹುದು. ನಿಜಕ್ಕೂ ಸನ್ಯಾಸಿಗೆ ವೈನ್ ಸಲ್ಲದು, ಆದರೆ ಈಗಿನ ಕಾಲದ ಸನ್ಯಾಸಿಗಳಿಗೆ ಅದನ್ನು ಹೇಳಿ ಒಪ್ಪಿಸುವುದು ಆಗದ ಮಾತು. ಆದ್ದರಿಂದ ಹೊಟ್ಟೆ ಬಿರಿಯ ಕುಡಿಯುವುದಿಲ್ಲ ಎಂದಾದರೂ ಒಪ್ಪಿಕೊಳ್ಳೋಣ ಎಂಬುದು ಅವನ ರಾಜಿ. ವೈನೇ ಸಿಗದ ಊರಿನಲ್ಲಿದ್ದರೆ ದೇವರನ್ನು ಕೊಂಡಾಡಿ, ಗೊಣಗಬೇಡಿ.

ಹೆಮಿನಾ ರೋಮನ್ನರ ಅಳತೆ. ಸುಮಾರು ಕಾಲು ಲೀಟರ್, ನಮ್ಮ ಅಜ್ಜಿಯರ ಪಾವಿನಷ್ಟು ಎನ್ನಿ. ಅದು ನಿಖರವಾಗಿ ಎಷ್ಟು ಎಂಬ ಬಗ್ಗೆ ಸನ್ಯಾಸಿಗಳ ನಡುವೆ ಶತಮಾನಗಳ ಜಗಳ ನಡೆದಿದೆ. ಫ್ರಾನ್ಸಿನ ಪೋರ್ಟ್ ರಾಯಲ್ ಪಂಥದ ಕ್ಲೋದ್ ಲಾಂಸ್ಲೋ 1667ರಲ್ಲಿ ಈ ಅಳತೆಯ ಮೇಲೆ ಪ್ರಬಂಧವನ್ನೇ ಬರೆದ. ಜಗಳದ ಹಿಂದಿನ ಕಾರಣ ಊಹಿಸುವುದು ಕಷ್ಟವಲ್ಲ!

ಅದೇ ನಿಯಮಗ್ರಂಥದಲ್ಲಿ ಬೇರೆ ಕಡೆಗಳಲ್ಲೂ ವೈನ್ ತಲೆಹಾಕುತ್ತದೆ, ಎರಡು ಕಡೆಯಂತೂ ಸ್ವಾರಸ್ಯವಾಗಿ. ಊಟಕ್ಕೆ ಮತ್ತೆ ಮತ್ತೆ ತಡವಾಗಿ ಬರುವವನು ಎರಡು ಎಚ್ಚರಿಕೆಯ ನಂತರವೂ ತಿದ್ದಿಕೊಳ್ಳದಿದ್ದರೆ ಒಂಟಿಯಾಗಿ ಉಣ್ಣಬೇಕು, ಅವನ ಪಾಲಿನ ವೈನ್ ಕಟ್. ಅಡುಗೆಮನೆಯ ಪಾಳಿಯಲ್ಲಿರುವವರಿಗೆ ಮಾತ್ರ ಎಲ್ಲರ ಊಟಕ್ಕೆ ಒಂದು ಗಂಟೆ ಮೊದಲೇ, ಅವರ ಪಾಲಿನ ಮೇಲೆ, ಒಂದಿಷ್ಟು ಪಾನ ಮತ್ತು ರೊಟ್ಟಿ. ಬಡಿಸುವಾಗ ಅವರು ಗೊಣಗಬಾರದಲ್ಲ.

ಈ ಪುಟಗಳಲ್ಲಿ ವೈನ್ ರಕ್ತಕ್ಕೆ ಒಳ್ಳೆಯದು, ಜೀರ್ಣಕ್ಕೆ ಒಳ್ಳೆಯದು ಎಂಬ ಮಾತೇ ಇಲ್ಲ. ಬೆನೆಡಿಕ್ಟ್ ನೆಪ ಹೇಳುವುದಿಲ್ಲ. ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ಅವನಿಗಿಂತ ಹಿಂದೆ, ನಾಲ್ಕನೆಯ ಶತಮಾನದ ಕೊನೆಯಲ್ಲಿ, ಸಂತ ಆಗಸ್ಟೀನ್ ತನ್ನ ‘ಕನ್ಫೆಷನ್ಸ್’ನಲ್ಲಿ ಕೆದಕಿದ್ದು ಈ ನೆಪವನ್ನೇ. ಹಸಿವು ಬಾಯಾರಿಕೆ ತೀರಿಸಿಕೊಳ್ಳುವುದು ದೇಹದ ಅಗತ್ಯ. ಆದರೆ ಅಗತ್ಯದ ಬೆನ್ನಿಗೇ ಸುಖವೂ ಬರುತ್ತದೆ. ಈ ತುತ್ತು ದೇಹಕ್ಕೋ ಚಪಲಕ್ಕೋ ಎಂಬುದು ತಿನ್ನುವವನಿಗೇ ತಿಳಿಯುವುದಿಲ್ಲ. ತಿಳಿಯದಿರುವುದು ಮನಸ್ಸಿಗೂ ಹಿತವೇ, ಆರೋಗ್ಯದ ಹೆಸರು ಹೇಳಿ ಸುಖದ ಕೆಲಸ ಮುಗಿಸಿಕೊಳ್ಳಬಹುದು. ಆಗಸ್ಟೀನನಿಗೆ ಇದು ಪುಸ್ತಕದ ಸಮಸ್ಯೆಯಾಗಿರಲಿಲ್ಲ. ಅವನ ತಾಯಿ ಮೋನಿಕಾ ಹುಡುಗಿಯಾಗಿದ್ದಾಗ ಪೀಪಾಯಿಯಿಂದ ವೈನ್ ತರಲು ಹೋದವಳು ತುಟಿ ಸೋಕಿಸುತ್ತಾ ಸೋಕಿಸುತ್ತಾ ಕೊನೆಗೆ ಬಟ್ಟಲುಗಟ್ಟಲೆ ಕುಡಿಯುವಂತಾದಳು. ಜಗಳದ ನಡುವೆ ಸೇವಕಿ ‘ಕುಡುಕಿ’ ಎಂದು ಹಂಗಿಸಿದ ದಿನ ಚಟ ಬಿಟ್ಟಿತು. ಇದನ್ನು ಮಗನೇ ಬರೆದಿದ್ದಾನೆ.

ಆರೋಗ್ಯದ ನೆಪ ಮಾತ್ರ ಗಟ್ಟಿಪಿಂಡ. ಬೈಬಲ್ಲಿನಲ್ಲಿ ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ವೈನ್ ಕುಡಿ ಎಂಬ ಸಲಹೆಯಿದೆ. 1991ರಲ್ಲಿ ಅಮೆರಿಕದ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮ, ಬೆಣ್ಣೆ ತಿಂದೂ ಫ್ರೆಂಚರ ಹೃದಯ ಗಟ್ಟಿಯಾಗಿರಲು ಕೆಂಪು ವೈನ್ ಕಾರಣವಿರಬಹುದು ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ, ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ನೆಪ ಕಳಚಿ ಬಿದ್ದ ಮೇಲೆ ಉಳಿದದ್ದು ಆಗಸ್ಟೀನನ ಪ್ರಶ್ನೆ: ಬರಿಯ ಸುಖಕ್ಕಾಗಿ, ಅದೂ ದಿನಾ, ಕುಡಿಯಬಹುದೇ?

ನೇಪಲ್ಸ್ ಸೀಮೆಯ ರೊಕಸೆಕ್ಕಾದಲ್ಲಿ ಹುಟ್ಟಿ, ಮಾಂಟೆ ಕಸಿನೊದಲ್ಲೇ ಬಾಲ್ಯ ಕಳೆದ ಥಾಮಸ್ ಅಕ್ವಿನಾಸ್ 13ನೆಯ ಶತಮಾನದಲ್ಲಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಓದುಗರನ್ನು ಬೆಚ್ಚಿಸುತ್ತದೆ. ಕುಡಿದು ಮತ್ತನಾಗುವುದು ಪಾಪ, ಸರಿ. ಆದರೆ ಬದುಕಿಗೆ ಬೇಕಾದದ್ದನ್ನೂ ಬಿಟ್ಟುಬಿಡುವ ಮಟ್ಟಿಗೆ ಸುಖವನ್ನು ತಳ್ಳಿಹಾಕುವುದೂ ದುರ್ಗುಣವೇ. ವ್ರತಕ್ಕಾಗಿಯೋ ಆರೋಗ್ಯಕ್ಕಾಗಿಯೋ ಬಿಡುವುದು ಬೇರೆ. ಸುಖ ಎಂಬ ಕಾರಣಕ್ಕೇ ಅದನ್ನು ಹೇಸುವುದು ಬೇರೆ.

ಈ ವಾದಗಳನ್ನು ಒರೆಗೆ ಹಚ್ಚಲು ಇಟಲಿಯ ಪೀಡ್‌ಮಾಂಟ್ ಸೀಮೆಯ ಬರೋಲೊದಂಥ ದುಬಾರಿ ವೈನ್ ಪ್ರಯೋಜನಕ್ಕೆ ಬಾರದು. ಅದು ಹಬ್ಬದ ಪದಾರ್ಥ. ಹಬ್ಬಕ್ಕೆ ಹಲವು ಧರ್ಮಗಳು ರಿಯಾಯಿತಿ ಕೊಡುತ್ತವೆ. ಅದೇ ಪೀಡ್‌ಮಾಂಟ್ ಸೀಮೆಯ ಬಾರ್ಬೆರಾ ನೋಡಿ. ಆಸ್ತಿ, ಆಲ್ಬಾ, ಮೊನ್‌ಫೆರಾಟೊ ಗುಡ್ಡಗಳಲ್ಲಿ ಧಾರಾಳವಾಗಿ ಬೆಳೆಯುವ ದ್ರಾಕ್ಷಿ. ರೈತನ ಮನೆಯ ಮೇಜಿನ ಮೇಲೆ ನಿತ್ಯ ಇರುವ ವೈನ್. ಬಣ್ಣ ಕಡುಗೆಂಪು, ನಾಲಗೆ ಒಣಗಿಸುವ ಒಗರು ಕಡಿಮೆ, ಹುಳಿ ಮಾತ್ರ ಚುರುಕು. ಎಂಥ ಬಿಸಿಲಿನ ವರ್ಷದಲ್ಲೂ ಈ ದ್ರಾಕ್ಷಿ ಹುಳಿ ಬಿಟ್ಟುಕೊಡುವುದಿಲ್ಲ. ಆ ಹುಳಿಯ ಬೆಲೆ ತಿಳಿಯಬೇಕಾದರೆ ಚಳಿಗಾಲದಲ್ಲಿ ನಿತ್ಸಾ ಮೊನ್‌ಫೆರಾಟೊ ಊರಿನ ಬಾನ್ಯಾ ಕೌಡಾ ಊಟಕ್ಕೆ ಕೂರಬೇಕು. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಉಪ್ಪು ಹಾಕಿದ ಆಂಚೊವಿ ಮೀನು ಕರಗುವಷ್ಟು ಬೆಂದ ಗೊಜ್ಜು, ಅದರ ಮಣ್ಣಿನ ಬೋಗುಣಿಯ ಕೆಳಗೆ ಸಣ್ಣ ಉರಿ. ಎಲ್ಲರೂ ತರಕಾರಿ ತುಂಡುಗಳನ್ನು ಅದ್ದಿ ಅದ್ದಿ ತಿನ್ನುತ್ತಾರೆ. ಮುಖ್ಯ ತರಕಾರಿ ಆ ಊರಿನದೇ ಗೂನು ಕಾರ್ಡೂನ್. ಗಿಡವನ್ನು ಬಗ್ಗಿಸಿ ಮಣ್ಣು ಮುಚ್ಚುವುದರಿಂದ ದಂಟು ಬೆಳ್ಳಗಾಗಿ ಡೊಂಕಾಗುತ್ತದೆ. ನಾಲ್ಕು ತುತ್ತಿಗೆ ಬಾಯೆಲ್ಲ ಎಣ್ಣೆ, ಉಪ್ಪು. ಒಂದು ಗುಟುಕು ಬಾರ್ಬೆರಾ ಅದನ್ನೆಲ್ಲ ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡುತ್ತದೆ.

ಇದನ್ನು ಸವಿಯಲು ದೊಡ್ಡ ವಿದ್ಯೆ ಬೇಡ. ಹೊಸ ವೈನ್ ಆಗಿರಬೇಕು, ಎರಡು ಮೂರು ವರ್ಷದೊಳಗಿನದು. 15–16 ಡಿಗ್ರಿ ತಂಪು. ನಮ್ಮ ಬೇಸಿಗೆಯಲ್ಲಾದರೆ ಫ್ರಿಜ್‌ನಲ್ಲಿ ಅರ್ಧ ಗಂಟೆಗೂ ಮೇಲೆ ಇಡುವುದು ಒಳ್ಳೆಯದು. ಲೋಟ ಗಿಡ್ಡದಾದರೂ ನಡೆಯುತ್ತದೆ. ಊಟವಿಲ್ಲದೆ ಒಂದೇ ಸಮನೆ ಹೀರಿದರೆ ಆ ಹುಳಿಯೇ ಒರಟು ಎನಿಸೀತು. ಬೆನೆಡಿಕ್ಟನ ಜಾಣತನ ಕಾಣುವುದು ಇಲ್ಲಿ. ಅವನು ವೈನಿಗೆ ಅಳತೆ ಮಾತ್ರ ಕೊಡಲಿಲ್ಲ, ಹೊತ್ತು, ಪಂಕ್ತಿ, ರೊಟ್ಟಿ ಎಲ್ಲವನ್ನೂ ಕೊಟ್ಟ. ಪಂಕ್ತಿ ತಪ್ಪಿಸಿದವನಿಗೆ ವೈನೂ ತಪ್ಪಿತು. ಸುಖವನ್ನು ಒಂಟಿಯಾಗಿ ಬೆನ್ನಟ್ಟಿದವನಿಗೆ ಆಗಸ್ಟೀನನ ಅನುಮಾನ ಕಾಡುತ್ತದೆ. ಊಟದ ಜೊತೆ ತಾನಾಗಿ ಬಂದದ್ದರ ಮೇಲೆ ಅಷ್ಟು ಅನುಮಾನ ಬೇಕಿಲ್ಲ. ಅಳತೆಯ ಮಾತಿಗೆ ಒಂದು ತಿದ್ದುಪಡಿ: ರೋಮನ್ನರು ವೈನಿಗೆ ನೀರು ಬೆರೆಸುತ್ತಿದ್ದರು. ಇಂದಿನ 14 ಪ್ರತಿಶತದ ಬಾರ್ಬೆರಾವನ್ನು ಹೆಮಿನಾ ತುಂಬ ಸುರಿದರೆ ಸುಮಾರು 30 ಗ್ರಾಂ ಆಲ್ಕೊಹಾಲ್ ಆಯಿತು. ಇಟಲಿಯ ಆಹಾರ ಮಾರ್ಗಸೂಚಿ ಗಂಡಸರಿಗೂ 24 ಗ್ರಾಂ ದಾಟಬೇಡಿ ಎನ್ನುತ್ತದೆ, ಹೆಂಗಸರಿಗೆ ಅದರರ್ಧ. ಅಂದರೆ ಸಂತನ ಪಾತ್ರೆಯೂ ಈಗ ಕೊಂಚ ದೊಡ್ಡದೇ.

ಅಗ್ಗದ ವೈನ್ ಎಂದರೆ ಮುಗ್ಧ ವೈನ್ ಎಂದೇನೂ ಅಲ್ಲ. 1986ರಲ್ಲಿ ಬಾರ್ಬೆರಾ ಮುಂತಾದ ಅಗ್ಗದ ವೈನ್‌ಗಳಿಗೆ ಆಲ್ಕೊಹಾಲ್ ಪ್ರಮಾಣ ಹೆಚ್ಚಿಸಲು ಮೆಥನಾಲ್ ಬೆರೆಸಿ ಮಾರಿದ್ದರಿಂದ ಇಟಲಿಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಹಲವರ ಕಣ್ಣು ಹೋಯಿತು. ಬಡವನ ಮೇಜಿಗೆ ಬಂದ ವಿಷ ಅದು; ಅಲ್ಲಿ ಅಳತೆ, ಸಂಯಮ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಇನ್ನೊಂದು ತುದಿಯಲ್ಲಿ, ರೊಕೆಟ್ಟಾ ತಾನಾರೊ ಊರಿನ ಜಾಕೊಮೊ ಬೊಲೊನ್ಯ 1982ರ ಬಾರ್ಬೆರಾವನ್ನು ಫ್ರೆಂಚ್ ಓಕ್‌ನ ಸಣ್ಣ ಪೀಪಾಯಿಗಳಲ್ಲಿ ಮಾಗಿಸಿ ‘ಬ್ರಿಕ್ಕೊ ದೆಲ್ ಉಚ್ಚೆಲ್ಲೋನೆ’ ಎಂಬ ಹೆಸರಿನಲ್ಲಿ ತಂದ. ರೈತನ ದ್ರಾಕ್ಷಿಗೂ ಘನತೆ ಉಂಟು ಎಂದು ಅದು ಸಾಧಿಸಿ ತೋರಿಸಿತು. ಮೆಚ್ಚಬೇಕಾದ್ದೇ, ಆದರೆ ಆ ಬಾಟಲಿ ಮಂಗಳವಾರದ ಊಟಕ್ಕೆ ತೆರೆಯುವಂಥದ್ದಲ್ಲ.

ಬೆಂಗಳೂರಿನಲ್ಲಿ ಸಾದಾ ಬಾರ್ಬೆರಾಕ್ಕೂ ಅದೇ ಗತಿ. ಆಮದು ವೈನಿನ ಮೇಲೆ ಭಾರತ ವರ್ಷಗಟ್ಟಲೆ ವಿಧಿಸಿದ ಸುಂಕ 150 ಪ್ರತಿಶತ, ಅದರ ಮೇಲೆ ರಾಜ್ಯದ ಅಬಕಾರಿ. ಆಸ್ತಿಯಲ್ಲಿ ಯೋಚಿಸದೆ ಕೊಳ್ಳುವ ಬಾಟಲಿ ಇಲ್ಲಿ ಹುಟ್ಟುಹಬ್ಬದ ಉಡುಗೊರೆಯಾಗಿ, ದೊಡ್ಡ ಗಾಜಿನ ಲೋಟದಲ್ಲಿ ತಿರುವಿ ತಿರುವಿ ಮೂಸಿಸಿಕೊಳ್ಳುತ್ತದೆ.

ಉಳಿದ ಅರ್ಧ ಬಾಟಲಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ತೊಂದರೆಯಿಲ್ಲ. ಮರೆತು ಹುಳಿ ಹಿಡಿಯಿತೆನ್ನಿ: ಅಕ್ವಿನಾಸ್ ಈ ಪ್ರಶ್ನೆಯನ್ನೂ ಬಿಟ್ಟಿಲ್ಲ. ಪೂರ್ತಿ ವಿನೆಗರ್ ಆದದ್ದು ಪೂಜೆಯ ಬಟ್ಟಲಿಗೆ ಸಲ್ಲದು. ಹುಳಿಗೆ ತಿರುಗುತ್ತಿರುವುದು ಸಲ್ಲುತ್ತದೆ, ಆದರೆ ಗೊತ್ತಿದ್ದೂ ಬಳಸಿದ ಪಾದ್ರಿಗೆ ಪಾಪ. ಪೀಡ್‌ಮಾಂಟಿನ ಅಡುಗೆಮನೆಗೆ ಈ ಇಕ್ಕಟ್ಟಿಲ್ಲ. ಅಲ್ಲಿ ವಿನೆಗರನ್ನು ಈರುಳ್ಳಿ, ಸೇಜ್ ಎಲೆಯ ಜೊತೆ ಕುದಿಸಿ, ಕರಿದ ಮೀನು, ಜುಕಿನಿಗಳ ಮೇಲೆ ಸುರಿದು, ಮರುದಿನ ಕಾರ್ಪಿಯೋನೆ ಎಂದು ತಣ್ಣಗೆ ತಿನ್ನುತ್ತಾರೆ.