ದಿನಚರಿಯ ಪುಸ್ತಕವೂ ಮನಸ್ಸಾಕ್ಷಿಯೂ

ದೇವರು ನಮ್ಮ ಅಂತರಂಗವನ್ನು ಮೊದಲೇ ಬಲ್ಲವನಾಗಿರಲು, ದಿನದಿನದ ನಡತೆಯನ್ನು ಪುಸ್ತಕದಲ್ಲಿ ಬರೆದಿಡುವದರಿಂದ ಪ್ರಯೋಜನವೇನೆಂದು ಕೆಲವರು ಕೇಳುವದುಂಟು. ಪ್ರಶ್ನೆಯು ನ್ಯಾಯವಾದದ್ದೇ. 139ನೆಯ ಕೀರ್ತನೆಯನ್ನು ಓದಿದವರು, ಆತನಿಗೆ ತಿಳಿಸುವದಕ್ಕಾಗಿ ಬರೆಯುತ್ತೇವೆಂದು ಹೇಳಲಾರರು. ಆದರೆ ಹಿಂದಿನ ಕಾಲದ ಶಾನುಭೋಗರು ಕರೀ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದದ್ದು ಹೊಲಕ್ಕೆ ತನ್ನ ಬೆಳೆಯನ್ನು ತಿಳಿಸಲಿಕ್ಕಲ್ಲ. ಮನುಷ್ಯರು ಮರೆಯುತ್ತಾರೆಂದೇ ಬರೆದರು. ನಮ್ಮ ಮನಸ್ಸು ಮರೆಯುವದು ಮಾತ್ರವಲ್ಲ, ತನಗೆ ಅನುಕೂಲವಾದಂತೆ ಮರೆಯುವದು. ಮುಂಜಾನೆ ಆಡಿದ ಸುಳ್ಳು ದೀಪ ಹಚ್ಚುವ ಹೊತ್ತಿಗೆ ಬರೀ ಚೇಷ್ಟೆಯ ಮಾತಾಗಿ ತೋರುವದು.

ನಮ್ಮ ಸೀಮೆಯ ಮೆಥೊಡಿಸ್ಟ್ ಸಭೆಗಳವರು ಜಾನ್ ವೆಸ್ಲಿಯವರ ಹೆಸರನ್ನು ಬಲ್ಲರು. ಅವರು 1725ರಲ್ಲಿ ದಿನಚರಿಯನ್ನು ಆರಂಭಿಸಿ, ಅನ್ಯರಿಗೆ ಓದಬಾರದ ಗುಪ್ತಾಕ್ಷರಗಳಲ್ಲಿ ಬರೆದರು. 1738ರಲ್ಲಿ ಅಮೇರಿಕದಿಂದ ಹಿಂದಿರುಗುವಾಗ, ಪರರನ್ನು ತಿರುಗಿಸಲಿಕ್ಕೆ ಹೋದ ತಾನೇ ದೇವರ ಕಡೆಗೆ ತಿರುಗಿದವನಲ್ಲವೆಂದು ದುಃಖದಿಂದ ಬರೆದುಕೊಂಡರು. ಅನೇಕ ವರ್ಷಗಳ ತರುವಾಯ, 1774ರಲ್ಲಿ ಅದನ್ನು ಪುನಃ ಅಚ್ಚು ಹಾಕಿಸುವಾಗ, ಈ ಮಾತು ನಿಶ್ಚಯವೆಂದು ಹೇಳಲಾರೆನೆಂಬ ಸಣ್ಣ ಟಿಪ್ಪಣಿಯನ್ನು ಸೇರಿಸಿದರು. ಮೊದಲಿನ ಮಾತನ್ನಾದರೋ ಅಳಿಸಲಿಲ್ಲ. ನನಗೆ ಇದೊಂದು ಸಂಗತಿಯು ಹತ್ತು ಪ್ರಸಂಗಗಳಿಗೆ ಸಮನಾಗಿ ತೋರುತ್ತದೆ. ಆ ದಿನದ ಕಣ್ಣೀರೂ ನಿಜ, ತರುವಾಯ ದೊರೆತ ಬೆಳಕೂ ನಿಜ.

ಆದರೂ ಈ ಅಭ್ಯಾಸದಲ್ಲಿ ಅಪಾಯವಿಲ್ಲದೆ ಇಲ್ಲ. ದೇವಾಲಯದಲ್ಲಿ ನಿಂತು ಪ್ರಾರ್ಥಿಸಿದ ಫರಿಸಾಯನ ಕೈಗೆ ಲೇಖಣಿ ಕೊಟ್ಟಿದ್ದರೆ, ಉಪವಾಸಗಳನ್ನೂ ದಶಮಾಂಶಗಳನ್ನೂ ಅಂದವಾಗಿ ಬರೆದು, ಕೆಳಗೆ ಸುಂಕದವನ ಪಾಪಗಳನ್ನೂ ಸೇರಿಸುತ್ತಿದ್ದನು.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇಂದಿಗೂ ನಿಂತಿದೆ. 1841ರಿಂದ 1853ರ ವರೆಗೆ ಈ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬರು ಬರೆದ ಆತ್ಮಚರಿತ್ರೆಯು, ಅವರು ತೀರಿಕೊಂಡ ಮೇಲೆ 1877ರಲ್ಲಿ ಪ್ರಕಟವಾಯಿತು. ಬಾಲಕನಾದ ರಾಜಾ ವೆಂಕಟಪ್ಪ ನಾಯಕನನ್ನು ಸಲಹಿದ್ದನ್ನೂ, 1858ರ ಕಾದಾಟದ ತರುವಾಯ ಸೆರೆಯಲ್ಲಿದ್ದ ಅವನನ್ನು ಕಂಡದ್ದನ್ನೂ, ಅವನು ತಮ್ಮನ್ನು ಅಪ್ಪಾ ಎಂದು ಕರೆದದ್ದನ್ನೂ ಅದರಲ್ಲಿ ಹೇಳಿದ್ದಾರೆ. ಅದೇ ವರುಷ ರಾಜನು ಗುಂಡೇಟಿನಿಂದ ಸತ್ತನು. ಆ ಪುಟಗಳಲ್ಲಿ ಪ್ರೀತಿಯಿಲ್ಲವೆನ್ನಲಾಗದು. ಆದರೂ ಬರೆದ ಕೈ ಆಳುವವರ ಕೈ. ರಾಜನ ತಾಯಿ ರಾಣಿ ಈಶ್ವರಮ್ಮನವರು ಆ ದಿನಗಳನ್ನು ಬರೆದಿದ್ದರೆ ಅವು ಹೇಗೆ ಕಾಣುತ್ತಿದ್ದವು? ಆ ಪುಸ್ತಕದಲ್ಲಿ ಆಕೆಯ ಮಾತು ಸಹ ಸಾಹೇಬರ ಲೇಖಣಿಯಿಂದಲೇ ಬರುತ್ತದೆ.

ನಮ್ಮ ಸಣ್ಣ ಪುಸ್ತಕಗಳಲ್ಲಿಯೂ ಹೀಗೆಯೇ ನಡೆಯುವದು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಜಗಳವಾಡಿದ ರಾತ್ರಿ, ಒಬ್ಬನು ಕಂದೀಲಿನ ಮುಂದೆ ಕೂತು ಬರೆಯುತ್ತಾನೆ. ಮತ್ತೊಬ್ಬನು ಅಲ್ಲಿ ಉತ್ತರಕೊಡಲಿಕ್ಕೆ ಇಲ್ಲ. ಬರೆಯುವವನು ವಾದಿಯೂ ಸಾಕ್ಷಿಯೂ ನ್ಯಾಯಾಧಿಪತಿಯೂ ಆಗುತ್ತಾನೆ. ಅದು ಪಾಪನಿವೇದನೆಯಲ್ಲ, ಫಿರ್ಯಾದಿಯೇ. ತನ್ನನ್ನೂ ತಾನು ವಿಚಾರಿಸಿ ತೀರ್ಪುಮಾಡಿಕೊಳ್ಳಲಿಲ್ಲವೆಂದು ಪೌಲನು ಕೊರಿಂಥದವರಿಗೆ ಬರೆದಿರಲು, ಅನ್ಯನ ತೀರ್ಪನ್ನು ನಾವು ಬರೆಯುವದು ಹೇಗೆ?

ಅಕ್ಷರ ಬಾರದ ತಾಯಂದಿರ ಗತಿಯೇನೆಂದು ಕೇಳಬಹುದು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು, ನಿನ್ನೆ ಸೊಸೆಗೆ ಆಡಿದ ಮಾತನ್ನು ಹೆಸರುಗೊಂಡು ಕರ್ತನಿಗೆ ಹೇಳುವ ಮುದುಕಿಯು ಕಾಗದವಿಲ್ಲದೆ ಇದೇ ಕೆಲಸವನ್ನು ಮಾಡುತ್ತಾಳೆ. ನಮ್ಮಲ್ಲಿ ಓದುಬರಹ ಕಲಿತ ಕೆಲವರಿಗಿಂತ ಚೆನ್ನಾಗಿ ಮಾಡುತ್ತಾಳೆಂದೂ ನನಗೆ ಅನಿಸುತ್ತದೆ. ಬರೆಯಬಲ್ಲವರಿಗೆ ಶಾಲೆಯ ಮಕ್ಕಳ ನೋಟುಬುಕ್ಕೂ ನಾಲ್ಕು ಸಾಲುಗಳೂ ಸಾಕು. ಜಗಳವಾದ ದಿನ ತನ್ನ ಪಾಲಿನ ತಪ್ಪನ್ನು ಮೇಲೆ ಬರೆದು, ಸಹೋದರನ ಬಳಿಗೆ ಹೋಗಿ ಅವನ ಮಾತನ್ನು ಕೇಳಿ ಬರುವ ವರೆಗೆ ಪುಟದ ಕೆಳಭಾಗವನ್ನು ಬರಿದಾಗಿ ಬಿಟ್ಟಿರಲಿ.